ಶಿಶುವಿಹಾರದ ಜನಕನಾದ ಫ್ರೋಬೆಲ್ ಮಹಾಶಯ

ಚಿಕ್ಕ ಮಕ್ಕಳಿಗೆ ಆಟವು ಕಾಲಹರಣವೆಂದೂ ಪಾಠವೊಂದೇ ಪ್ರಯೋಜನಕರವೆಂದೂ ಎಣಿಸುವವರು ಎಲ್ಲಾ ಕಾಲದಲ್ಲಿಯೂ ಉಂಟು. ಆ ಎಣಿಕೆಯನ್ನು ತಿದ್ದುವುದಕ್ಕಾಗಿ ತನ್ನ ಜೀವಮಾನವನ್ನೇ ಸವೆಯಿಸಿದ ಫ್ರೆಡ್ರಿಕ್ ಫ್ರೋಬೆಲ್ ಮಹಾಶಯನ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ತಾಯಿತಂದೆಗಳ ಮುಂದೆ ಸಂಕ್ಷೇಪವಾಗಿ ಇಡಲು ಬಯಸುತ್ತೇವೆ.

ಈತನು 1782ನೆಯ ಇಸವಿ ಏಪ್ರಿಲ್ 21ರಂದು ಜರ್ಮನಿ ದೇಶದ ತುರಿಂಗಿಯ ಪ್ರಾಂತದ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ ಒಬ್ಬ ಸಭಾಪಾಲಕನ ಮಗನಾಗಿ ಜನಿಸಿದನು. ವರುಷ ತುಂಬುವುದರೊಳಗೆ ತಾಯಿಯು ತೀರಿಹೋದಳು. ತಂದೆಗೆ ಸಭೆಯ ಕೆಲಸದಿಂದ ಬಿಡುವಿರಲಿಲ್ಲ. ಮಲತಾಯಿಯು ತನಗೆ ಮಗುವಾದ ಮೇಲೆ ಈತನನ್ನು ದೂರವಿಟ್ಟಳು. ಹತ್ತನೆಯ ವಯಸ್ಸಿನಲ್ಲಿ ಸೋದರಮಾವನು ತನ್ನ ಮನೆಗೆ ಕರೆದೊಯ್ದ ಬಳಿಕವೇ ಈತನಿಗೆ ಓರಗೆಯ ಹುಡುಗರೊಡನೆ ಸ್ವೇಚ್ಛೆಯಾಗಿ ಆಡುವ ಭಾಗ್ಯವು ಒದಗಿತು. ಬಾಲ್ಯದಲ್ಲಿ ಪ್ರೀತಿಯೂ ಆಟವೂ ಇಲ್ಲದ ಕೊರತೆಯನ್ನು ಬಲ್ಲವನೇ ಮುಂದೆ ಇತರರ ಮಕ್ಕಳಿಗೆ ಅವೆರಡನ್ನೂ ಒದಗಿಸಲು ಹೊರಟನೆಂಬುದು ಗಮನಿಸತಕ್ಕ ಸಂಗತಿ.

ಅರಣ್ಯದ ಕೆಲಸವನ್ನು ಕಲಿತು, ಯೇನಾ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಓದಿ, 1805ರಲ್ಲಿ ಫ್ರಾಂಕ್‌ಫರ್ಟಿನ ಶಾಲೆಯೊಂದರಲ್ಲಿ ಉಪಾಧ್ಯಾಯನಾದನು. 1808ರಿಂದ ಎರಡು ವರುಷ ಸ್ವಿಟ್ಜರ್ಲೆಂಡಿನಲ್ಲಿ ಪ್ರಸಿದ್ಧ ಶಿಕ್ಷಣವೇತ್ತನಾದ ಪೆಸ್ಟಲಾಜಿಯ ಬಳಿಯಲ್ಲಿದ್ದನು. 1816ರಲ್ಲಿ ತಾನೇ ಒಂದು ಶಾಲೆಯನ್ನು ತೆರೆದು, ಮರುವರುಷ ಅದನ್ನು ಕೈಲ್‌ಹೌ ಗ್ರಾಮಕ್ಕೆ ಸಾಗಿಸಿದನು. ದೊಡ್ಡ ಹುಡುಗರಿಗೆ ಕಲಿಸುತ್ತಾ ಹೋದಂತೆ, ಶಾಲೆಗೆ ಬರುವ ಮುನ್ನಿನ ವರುಷಗಳೇ ಎಲ್ಲಕ್ಕೂ ತಳಹದಿಯೆಂಬುದು ಈತನಿಗೆ ಮನದಟ್ಟಾಯಿತು.

ಆದುದರಿಂದ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬಲ್ಲಿ ಎಳೆಯರಿಗಾಗಿ ಸಂಸ್ಥೆಯೊಂದನ್ನು ಸ್ಥಾಪಿಸಿ, 1840ರಲ್ಲಿ ಅದಕ್ಕೆ ಮಕ್ಕಳ ತೋಟವೆಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರನ್ನಿಟ್ಟನು. ಅಲ್ಲಿ ಆಟದ ಸಾಮಾನುಗಳನ್ನು ಕಾಣಿಕೆಗಳೆಂದು ಕರೆದನು. ಮೊದಲನೆಯದು ಬಣ್ಣಬಣ್ಣದ ಆರು ಉಣ್ಣೆಯ ಚೆಂಡುಗಳು. ಎರಡನೆಯದು ಮರದ ಗುಂಡು, ಉರುಳೆ ಮತ್ತು ಘನ. ಮೂರನೆಯದು ಎಂಟು ಚಿಕ್ಕ ಘನಗಳಾಗಿ ಬಿಡಿಸಬಹುದಾದ ಒಂದು ಘನ. ಮಗುವು ಇವನ್ನು ಬಿಡಿಸಿ, ಕೂಡಿಸಿ, ಮನೆಯನ್ನೂ ಮೆಟ್ಟಿಲನ್ನೂ ಕಟ್ಟುತ್ತಾ, ಯಾರೂ ಹೇಳಿಕೊಡದೆಯೇ ಆಕಾರವನ್ನೂ ಎಣಿಕೆಯನ್ನೂ ಅರಿಯುತ್ತಿತ್ತು. ಹಾಡು, ಕುಣಿತ, ಪಾತಿ ಮಾಡಿ ಗಿಡ ಬೆಳೆಸುವುದು ಇವೂ ಇದ್ದವು. ಈ ಕೆಲಸಕ್ಕೆ ಸ್ತ್ರೀಯರೇ ತಕ್ಕವರೆಂದು ತಿಳಿದು ಯುವತಿಯರಿಗೆ ತರಬೇತು ಕೊಟ್ಟುದರಿಂದ, ಅವರಿಗೊಂದು ಗೌರವದ ಉದ್ಯೋಗವೂ ತೆರೆಯಿತು.

ಆದರೆ 1851ರ ಆಗಸ್ಟಿನಲ್ಲಿ ಪ್ರಷ್ಯಾ ಸರಕಾರವು ಶಿಶುವಿಹಾರಗಳನ್ನು ನಿಷೇಧಿಸಿತು. ಅಣ್ಣನ ಮಗನಾದ ಕಾರ್ಲ್ ಫ್ರೋಬೆಲನ ಬರವಣಿಗೆಯೊಡನೆ ಈತನ ಕಾರ್ಯವನ್ನು ಬೆರೆಸಿಕೊಂಡು, ಇವು ನಾಸ್ತಿಕತೆಯನ್ನು ಹರಡುವುವೆಂದು ಶಂಕಿಸಿದ್ದೇ ಕಾರಣ. ದೈವಭಕ್ತನಾದ ಈತನಿಗೆ ಇದು ತಾಳಲಾರದ ಪೆಟ್ಟು. ನಿಷೇಧವು ತೊಲಗುವುದನ್ನು ಕಾಣದೆ 1852ರ ಜೂನ್ 21ರಂದು ದಿವಂಗತನಾದನು. 1860ರಲ್ಲಿ ಆ ಆಜ್ಞೆಯು ರದ್ದಾಯಿತು. ಗುಂಡು, ಉರುಳೆ, ಘನ ಇವುಗಳನ್ನು ಒಂದರ ಮೇಲೊಂದು ಇಟ್ಟಂತಿರುವ ಕಲ್ಲೇ ಈತನ ಸಮಾಧಿಯ ಗುರುತು.

ಇಂದು ಈತನ ಹೆಸರನ್ನರಿಯದ ಮನೆಗಳಲ್ಲಿಯೂ ಎಲ್.ಕೆ.ಜಿ., ಯು.ಕೆ.ಜಿ. ಎಂಬ ಮಾತುಗಳು ಬಳಕೆಯಲ್ಲಿವೆ. ಅವುಗಳಲ್ಲಿರುವ ಕೆ.ಜಿ. ಎಂಬುದು ಈತನಿಟ್ಟ ಹೆಸರೇ ಸರಿ. 1975ರಲ್ಲಿ ಆರಂಭವಾದ ಅಂಗನವಾಡಿಗಳ ಕೆಲಸದಲ್ಲಿಯೂ ಆಟದ ಮೂಲಕ ಕಲಿಸುವುದು ಸೇರಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ವಿಧಿಸುತ್ತದೆ. ಹೀಗಿದ್ದರೂ ಮೂರು ನಾಲ್ಕು ವರುಷದ ಕೂಸಿನ ಕೈಗೆ ಬಳಪವನ್ನು ಕೊಟ್ಟು, ಅಕ್ಷರ ಮುಗಿಯುವ ತನಕ ಅಂಗಳಕ್ಕೆ ಬಿಡದಿರುವ ಮನೆಗಳು ಎಷ್ಟೋ! ಸರಕಾರದ ನಿಷೇಧವು ಒಂಬತ್ತು ವರುಷಗಳಲ್ಲಿ ತೊಲಗಿತು. ಮನೆಯವರ ನಿಷೇಧವನ್ನು ತೆಗೆಯತಕ್ಕವರು ಮನೆಯವರೇ. ಅದಕ್ಕೆ ಹಣ ಬೇಕಿಲ್ಲ. ಮಣ್ಣು, ನೀರು, ಹುಣಿಸೆಬೀಜ, ಓರಗೆಯ ಮಕ್ಕಳು, ಸಂಜೆಯ ಒಂದು ಗಳಿಗೆ ಇವಿಷ್ಟು ಸಾಕು. ಇಂದು ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇವಿಷ್ಟನ್ನು ತಮ್ಮ ಮಕ್ಕಳಿಗೆ ಒದಗಿಸುವರೆಂದು ನಂಬಿದ್ದೇವೆ.