ದಾನಕ್ಕೆ ಮೊದಲು ನ್ಯಾಯ: ಫಾದರ್ ಜಾನ್ ರಯನ್ ಅವರ ಬದುಕು



ಭಾನುವಾರದ ಪೂಜೆ ಮುಗಿಸಿ ಹೊರಬರುವಾಗ ಬಡವರಿಗಾಗಿ ಇಟ್ಟಿರುವ ಕಾಣಿಕೆ ಡಬ್ಬಿಗೆ ನೀವು ನಿಮ್ಮ ಕೈಲಾದಷ್ಟು ಹಾಕುತ್ತೀರಿ. ಆ ಹಣದಿಂದ ಯಾವುದೋ ಮನೆಗೆ ಅಕ್ಕಿ ಹೋಗುತ್ತದೆ, ಯಾವುದೋ ಮಗುವಿಗೆ ಪುಸ್ತಕ ಸಿಗುತ್ತದೆ. ಇದು ಒಳ್ಳೆಯ ಕೆಲಸ. ಆದರೆ ಒಂದು ಮಾತು ಯೋಚಿಸಿ ನೋಡಿ. ಬೆಳಗಿನಿಂದ ಸಂಜೆಯವರೆಗೆ ಮೈಮುರಿದು ದುಡಿದವನ ಮನೆಯಲ್ಲೇ ಅಕ್ಕಿ ಇಲ್ಲದಿದ್ದರೆ ಅವನಿಗೆ ಕಡಿಮೆಯಾದದ್ದು ನಮ್ಮ ಕರುಣೆಯೋ, ಅವನಿಗೆ ಸಲ್ಲಬೇಕಾಗಿದ್ದ ಕೂಲಿಯೋ?

ಈ ಪ್ರಶ್ನೆಯನ್ನು ಕೇಳುತ್ತಲೇ ಬದುಕು ಸವೆಸಿದ ಒಬ್ಬ ಕಥೋಲಿಕ ಗುರುಗಳಿದ್ದರು. ಅವರು ಅಮೆರಿಕದ ಫಾದರ್ ಜಾನ್ ಅಗಸ್ಟಿನ್ ರಯನ್. ತಮ್ಮ ಕಾಲದಲ್ಲಿ ಆ ದೇಶದಲ್ಲೆಲ್ಲ ಹೆಸರಾಗಿದ್ದ ಅವರನ್ನು ಕೆಲವರು ಬಡವರ ಮಿತ್ರ ಎಂದು ಹೊಗಳಿದರು, ಕೆಲವರು ಸಮಾಜವಾದಿ ಎಂದು ಬೈದರು. ಅವರು ತೀರಿಕೊಂಡು ಎಂಬತ್ತು ವರ್ಷಗಳು ಕಳೆದಿವೆ. ಆದರೂ ಅವರು ಎತ್ತಿದ ಪ್ರಶ್ನೆ ಇನ್ನೂ ಹಳೆಯದಾಗಿಲ್ಲ.

ರೈತನ ಮಗ

ರಯನ್ ಹುಟ್ಟಿದ್ದು 1869ರ ಮೇ 25ರಂದು, ಮಿನ್ನೆಸೋಟ ರಾಜ್ಯದ ವರ್ಮಿಲಿಯನ್ ಎಂಬ ಹಳ್ಳಿಯಲ್ಲಿ. ತಂದೆತಾಯಿ ಐರ್ಲೆಂಡಿನಿಂದ ವಲಸೆ ಬಂದ ರೈತರು. ಅದು ಮಕ್ಕಳು ತುಂಬಿದ ದೊಡ್ಡ ಸಂಸಾರ. ಹೊಲದಲ್ಲಿ ದುಡಿಮೆಗೆ ಕೊರತೆ ಇರಲಿಲ್ಲ, ಕೈಯಲ್ಲಿ ಹಣ ಮಾತ್ರ ಉಳಿಯುತ್ತಿರಲಿಲ್ಲ. ಆ ಕಾಲದ ರೈತರು ಬೆಳೆದ ಗೋಧಿಯ ಸಾಗಣೆ ದರವನ್ನು ರೈಲ್ವೆ ಕಂಪನಿ ನಿಗದಿ ಮಾಡುತ್ತಿತ್ತು, ಸಾಲದ ಬಡ್ಡಿಯನ್ನು ಬ್ಯಾಂಕು ನಿಗದಿ ಮಾಡುತ್ತಿತ್ತು. ಬೆಳೆದವನಿಗೆ ಉಳಿಯುತ್ತಿದ್ದುದು ಮಿಕ್ಕ ಚೂರು.

ಮನೆಗೆ 'ಐರಿಷ್ ವರ್ಲ್ಡ್' ಎಂಬ ಪತ್ರಿಕೆ ಬರುತ್ತಿತ್ತು. ಐರ್ಲೆಂಡಿನಲ್ಲಿ ಜಮೀನುದಾರರ ಕೈಗೆ ಸಿಕ್ಕಿ ನಲುಗುತ್ತಿದ್ದ ಗೇಣಿದಾರರ ಪರವಾಗಿಯೂ ಅಮೆರಿಕದ ಕಾರ್ಮಿಕರ ಪರವಾಗಿಯೂ ಆ ಪತ್ರಿಕೆ ಬರೆಯುತ್ತಿತ್ತು. ಹುಡುಗ ರಯನ್ ಅದನ್ನು ಬಿಡದೆ ಓದುತ್ತಿದ್ದ. ನೆಲ ಯಾರದು, ಅದರ ಫಲ ಯಾರಿಗೆ ಸೇರಬೇಕು ಎಂಬ ವಿಚಾರ ಅವನ ಮನಸ್ಸಿನಲ್ಲಿ ಬೇರೂರಿದ್ದು ಆಗಲೇ.

ಮುಂದೆ ಗುರುವಾಗುವ ಕರೆಗೆ ಓಗೊಟ್ಟು ಸೇಂಟ್ ಪಾಲ್ ನಗರದ ಗುರುಮಠ ಸೇರಿದರು. ಅಲ್ಲಿ ಅವರ ಕೈಗೆ ಜಗದ್ಗುರು ಹದಿಮೂರನೇ ಲಿಯೋ ಅವರ 'ರೇರುಂ ನೊವಾರುಂ' ಎಂಬ ವಿಶ್ವಪತ್ರ ಬಂತು. 1891ರಲ್ಲಿ ಹೊರಬಂದ ಆ ಪತ್ರ ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿಯಿತು. ಅದರ ಜೊತೆಗೇ, ಮಿತವಾಗಿ ಬಾಳುವ ಕಾರ್ಮಿಕನ ಜೀವನಕ್ಕೆ ಸಾಲುವಷ್ಟು ಕೂಲಿ ಸಿಗಲೇಬೇಕು, ಕಾರ್ಮಿಕರು ಸಂಘ ಕಟ್ಟಿಕೊಳ್ಳಬಹುದು, ಬಡವರನ್ನು ರಕ್ಷಿಸುವ ವಿಶೇಷ ಹೊಣೆ ಸರ್ಕಾರದ ಮೇಲಿದೆ ಎಂದು ಬೋಧಿಸಿತು. ಹೊಲದ ಮನೆಯಲ್ಲಿ ಕಂಡಿದ್ದ ಕಷ್ಟಕ್ಕೆ ಧರ್ಮಸಭೆಯ ಬೋಧನೆಯಲ್ಲೇ ಉತ್ತರವಿದೆ ಎಂದು ಯುವಕ ರಯನ್ ಅವರಿಗೆ ಮನವರಿಕೆಯಾಯಿತು. 1898ರಲ್ಲಿ ಮಹಾಧರ್ಮಾಧ್ಯಕ್ಷ ಜಾನ್ ಐರ್ಲೆಂಡ್ ಅವರಿಂದ ಗುರುದೀಕ್ಷೆ ಪಡೆದ ಅವರು ಹೆಚ್ಚಿನ ಓದಿಗಾಗಿ ವಾಷಿಂಗ್ಟನ್‌ನ ಕಥೋಲಿಕ ವಿಶ್ವವಿದ್ಯಾಲಯಕ್ಕೆ ಹೋದರು.

ಒಂದು ಸಂಸಾರದ ಲೆಕ್ಕ

ಅಲ್ಲಿ ಅವರು ಡಾಕ್ಟರೇಟ್ ಪದವಿಗಾಗಿ ಬರೆದ ಪ್ರಬಂಧವೇ 1906ರಲ್ಲಿ 'ಎ ಲಿವಿಂಗ್ ವೇಜ್', ಅಂದರೆ ಬಾಳಲು ಸಾಲುವ ಕೂಲಿ, ಎಂಬ ಪುಸ್ತಕವಾಗಿ ಬಂತು. ಅದಕ್ಕೆ ಮುನ್ನುಡಿ ಬರೆದವರು ರಿಚರ್ಡ್ ಈಲಿ ಎಂಬ ಹೆಸರಾಂತ ಪ್ರೊಟೆಸ್ಟೆಂಟ್ ಅರ್ಥಶಾಸ್ತ್ರಜ್ಞರು.

ಅವರ ವಾದ ಸರಳವಾದದ್ದು. ದೇವರು ಭೂಮಿಯನ್ನು ಸೃಷ್ಟಿಸಿದ್ದು ಎಲ್ಲ ಮನುಷ್ಯರಿಗಾಗಿ. ಆದ್ದರಿಂದ ದುಡಿಯಲು ಸಿದ್ಧನಿರುವ ಪ್ರತಿಯೊಬ್ಬನಿಗೂ ಅದರ ಫಲದಿಂದ ಮನುಷ್ಯನಂತೆ ಬಾಳುವ ಹಕ್ಕಿದೆ. ಆದರೆ ಭೂಮಿ, ಗಣಿ, ಕಾರ್ಖಾನೆಗಳೆಲ್ಲ ಈಗಾಗಲೇ ಕೆಲವರ ಕೈಯಲ್ಲಿವೆ. ಆಸ್ತಿಯಿಲ್ಲದವನು ಆ ಫಲವನ್ನು ಮುಟ್ಟಲು ಇರುವ ದಾರಿ ಕೂಲಿಯೊಂದೇ. ಆ ಕೂಲಿ ಹೊಟ್ಟೆಬಟ್ಟೆಗೆ ಸಾಲದಿದ್ದರೆ ದೇವರು ಕೊಟ್ಟ ಹಕ್ಕಿಗೆ ಮನುಷ್ಯ ಬಾಗಿಲು ಹಾಕಿದಂತೆ. ಧಣಿಯೂ ಆಳೂ ಇಬ್ಬರೂ ಒಪ್ಪಿಕೊಂಡರೆಂಬ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗುವುದಿಲ್ಲ. ಹಸಿದವನ ಒಪ್ಪಿಗೆ ಬಲವಂತದ ಒಪ್ಪಿಗೆಯೇ.

ಬರೀ ತತ್ತ್ವ ಹೇಳಿ ಅವರು ಸುಮ್ಮನಾಗಲಿಲ್ಲ. ಬಾಡಿಗೆ, ಊಟ, ಬಟ್ಟೆ, ಸೌದೆ, ಕಾಯಿಲೆ ಕಸಾಲೆ, ಮಕ್ಕಳ ಓದು, ಚರ್ಚಿನ ಕಾಣಿಕೆ, ಮುಪ್ಪಿಗೆ ಸ್ವಲ್ಪ ಉಳಿತಾಯ ಎಂದು ಒಬ್ಬ ಗೃಹಿಣಿಯಂತೆ ಲೆಕ್ಕ ಹಾಕಿದರು. ಅಮೆರಿಕದ ನಗರದಲ್ಲಿ ಒಂದು ಸಂಸಾರಕ್ಕೆ ವರ್ಷಕ್ಕೆ ಕನಿಷ್ಠ 600 ಡಾಲರ್ ಬೇಕೆಂದು ತೋರಿಸಿದರು. ಅಂದಿನ ದುಡಿಯುವ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಷ್ಟೂ ಸಿಗುತ್ತಿಲ್ಲ ಎಂದೂ ಅಂಕಿ ಅಂಶಗಳಿಂದ ವಿವರಿಸಿದರು.

ಹಾಗಾದರೆ ಒಳ್ಳೆಯ ಮನಸ್ಸಿನ ಧಣಿಗಳು ತಾವಾಗಿಯೇ ಹೆಚ್ಚು ಕೊಡಬಾರದೇ ಎಂದು ನೀವು ಕೇಳಬಹುದು. ಇಲ್ಲೇ ಕಷ್ಟವಿರುವುದು ಎಂದು ಫಾದರ್ ರಯನ್ ಕಂಡುಕೊಂಡರು. ಒಬ್ಬ ಧಣಿ ನ್ಯಾಯವಾದ ಕೂಲಿ ಕೊಟ್ಟು, ಪಕ್ಕದ ಬೀದಿಯವನು ಅರ್ಧ ಕೂಲಿಗೆ ದುಡಿಸಿಕೊಂಡು ಅಗ್ಗಕ್ಕೆ ಮಾರಿದರೆ, ಮೊದಲು ಅಂಗಡಿ ಮುಚ್ಚುವವನು ಒಳ್ಳೆಯವನೇ. ಆದ್ದರಿಂದ ಎಲ್ಲರಿಗೂ ಒಂದೇ ಮಟ್ಟ ಗೊತ್ತುಮಾಡುವ ಕಾನೂನು ಬೇಕು. ಮಿನ್ನೆಸೋಟ ರಾಜ್ಯ 1913ರಲ್ಲಿ ಹೆಂಗಸರಿಗೂ ಎಳೆಯರಿಗೂ ಕನಿಷ್ಠ ಕೂಲಿಯ ಕಾನೂನು ತಂದಾಗ ಅದನ್ನು ರೂಪಿಸುವುದರಲ್ಲಿ ಗುರುಮಠದ ಈ ಅಧ್ಯಾಪಕರ ಕೈ ಇತ್ತು.

ಹೆಚ್ಚು ಉಳ್ಳವರಿಂದ ಹೆಚ್ಚು

ಇನ್ನು ತೆರಿಗೆಯ ಮಾತು. ತೆರಿಗೆಗೂ ಧರ್ಮಕ್ಕೂ ಏನು ಸಂಬಂಧ ಎನ್ನಬೇಡಿ. ಆ ಕಾಲದಲ್ಲಿ ಅಮೆರಿಕದ ಕೇಂದ್ರ ಸರ್ಕಾರ ನಡೆಯುತ್ತಿದ್ದುದು ಹೆಚ್ಚಾಗಿ ಆಮದು ಸುಂಕದಿಂದ ಮತ್ತು ಮದ್ಯ, ಹೊಗೆಸೊಪ್ಪಿನ ಮೇಲಿನ ಸುಂಕದಿಂದ. ಸಾಮಾನಿನ ಬೆಲೆಯೊಳಗೆ ಅಡಗಿದ ಸುಂಕವನ್ನು ಬಡವನೂ ತೆರುತ್ತಾನೆ, ಕೋಟ್ಯಧೀಶನೂ ತೆರುತ್ತಾನೆ. ಬಡವನ ಸಂಪಾದನೆಯಲ್ಲಿ ಅದು ದೊಡ್ಡ ಪಾಲು, ಕೋಟ್ಯಧೀಶನಿಗೆ ಲೆಕ್ಕಕ್ಕೇ ಇಲ್ಲ. 1894ರಲ್ಲಿ ಹೆಚ್ಚಿನ ಆದಾಯದವರ ಮೇಲೆ ತೆರಿಗೆ ಹಾಕುವ ಕಾನೂನು ಬಂದರೂ ಮರುವರ್ಷವೇ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು.

ಫಾದರ್ ರಯನ್ 1909ರಲ್ಲೇ ಆದಾಯ ತೆರಿಗೆ, ಪಿತ್ರಾರ್ಜಿತ ಆಸ್ತಿಯ ತೆರಿಗೆ ಎರಡೂ ಬೇಕು, ಅವು ಏರುತ್ತ ಹೋಗುವ ದರದಲ್ಲಿರಬೇಕು ಎಂದು ಬರೆದರು. 1913ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ ಆದಾಯ ತೆರಿಗೆ ಬಂತು. 3,000 ಡಾಲರ್ ಮೀರಿದ ಆದಾಯಕ್ಕೆ ಶೇಕಡಾ 1ರಿಂದ ಶುರುವಾಗಿ, 5,00,000 ಡಾಲರ್ ಮೀರಿದ ಭಾಗಕ್ಕೆ ಶೇಕಡಾ 7ರವರೆಗೆ ಏರುತ್ತಿತ್ತು. ಸಾಧಾರಣ ಕಾರ್ಮಿಕನನ್ನು ಅದು ಮುಟ್ಟುತ್ತಲೇ ಇರಲಿಲ್ಲ.

1916ರಲ್ಲಿ ಬಂದ 'ಡಿಸ್ಟ್ರಿಬ್ಯೂಟಿವ್ ಜಸ್ಟಿಸ್' ಎಂಬ ದೊಡ್ಡ ಪುಸ್ತಕದಲ್ಲಿ ಏರುವ ದರಕ್ಕೆ ಅವರು ನೀತಿಯ ಆಧಾರ ಕೊಟ್ಟರು. ಎಲ್ಲರೂ ಸಮನಾದ ತ್ಯಾಗ ಮಾಡಬೇಕು ಎಂಬುದೇ ಆ ಆಧಾರ. ಇದನ್ನು ನಿಮ್ಮ ಮನೆಯ ಮಾತಿನಲ್ಲೇ ನೋಡೋಣ. 600 ಡಾಲರ್ ಸಂಪಾದಿಸುವ ಮನೆಯಿಂದ ಹತ್ತರಲ್ಲಿ ಒಂದು ಪಾಲು ತೆಗೆದುಕೊಂಡರೆ ಮಕ್ಕಳ ಹಾಲು ನಿಲ್ಲುತ್ತದೆ. 60,000 ಡಾಲರ್ ಬರುವ ಮನೆಯಿಂದ ಅದೇ ಹತ್ತನೇ ಒಂದು ಪಾಲು ತೆಗೆದುಕೊಂಡರೆ ಯಾರ ಬಟ್ಟಲೂ ಬರಿದಾಗುವುದಿಲ್ಲ. ಲೆಕ್ಕದಲ್ಲಿ ಇಬ್ಬರೂ ಒಂದೇ ಪಾಲು ಕೊಟ್ಟರು, ನೋವಿನಲ್ಲಿ ಮಾತ್ರ ಅಜಗಜಾಂತರ. ಹಾಗೆಂದು ಅವರು ಉಳ್ಳವರ ದ್ವೇಷಿಯಾಗಿರಲಿಲ್ಲ. ಖಾಸಗಿ ಆಸ್ತಿ ಇರಬೇಕು, ದುಡಿಯುವ ಉತ್ಸಾಹವನ್ನೇ ಕೊಲ್ಲುವಷ್ಟು ತೆರಿಗೆ ಅನ್ಯಾಯ ಎಂದೂ ಅವರು ಕಲಿಸಿದರು. ಅವಶ್ಯಕತೆಗೆ ಮೀರಿದ ಸಂಪತ್ತಿನ ಮೇಲೆ ಬಡವರಿಗೆ ಹಕ್ಕಿದೆ ಎಂಬ ಧರ್ಮಸಭೆಯ ಹಳೆಯ ಬೋಧನೆಯನ್ನೇ ಅವರು ಕಾರ್ಖಾನೆಗಳ ಯುಗಕ್ಕೆ ಅನ್ವಯಿಸಿದರು.

ಹೊಗಳಿಕೆ, ಬೈಗುಳ, ಸೋಲು

1915ರಿಂದ ಅವರು ವಾಷಿಂಗ್ಟನ್‌ನ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದರು. ಮೊದಲನೇ ಮಹಾಯುದ್ಧ ಮುಗಿದ ಮೇಲೆ, 1919ರ ಫೆಬ್ರವರಿ 12ರಂದು ಅಮೆರಿಕದ ನಾಲ್ವರು ಧರ್ಮಾಧ್ಯಕ್ಷರ ಸಹಿಯೊಂದಿಗೆ ಸಮಾಜದ ಪುನರ್ನಿರ್ಮಾಣದ ಒಂದು ಕಾರ್ಯಕ್ರಮ ಪ್ರಕಟವಾಯಿತು. ಅದನ್ನು ಬರೆದವರು ಫಾದರ್ ರಯನ್. ಕನಿಷ್ಠ ಕೂಲಿ, ಕಾಯಿಲೆ, ನಿರುದ್ಯೋಗ ಮತ್ತು ಮುಪ್ಪಿಗೆ ವಿಮೆ, ಬಾಲಕಾರ್ಮಿಕ ಪದ್ಧತಿಗೆ ಕೊನೆ, ಕಾರ್ಮಿಕರಿಗೆ ಮನೆಗಳು, ದೊಡ್ಡ ಆದಾಯಗಳ ಮೇಲೆ ಭಾರಿ ತೆರಿಗೆ, ಇವೆಲ್ಲ ಅದರಲ್ಲಿದ್ದವು. ಬಹುಮಂದಿಗೆ ಸಾಲದ ಆದಾಯ, ಕೆಲವೇ ಮಂದಿಗೆ ಅಗತ್ಯಕ್ಕೆ ಮೀರಿದ ಆದಾಯ ಇರುವುದು ಅಂದಿನ ವ್ಯವಸ್ಥೆಯ ದೊಡ್ಡ ದೋಷ ಎಂದು ಅದು ಹೆಸರಿಟ್ಟು ಹೇಳಿತು. ಕಾರ್ಖಾನೆ ಮಾಲೀಕರ ಸಂಘ ಹಿರಿಯ ಕಾರ್ಡಿನಲ್ ಗಿಬ್ಬನ್ಸ್ ಅವರಿಗೆ ದೂರು ಬರೆಯಿತು. ಇದು ಸಮಾಜವಾದ ಎಂಬ ಕೂಗು ಎದ್ದಿತು.

ಮುಂದಿನ ಹತ್ತು ವರ್ಷ ಸೋಲಿನ ಮೇಲೆ ಸೋಲು. 1923ರಲ್ಲಿ ಸುಪ್ರೀಂ ಕೋರ್ಟು ಹೆಂಗಸರ ಕನಿಷ್ಠ ಕೂಲಿಯ ಕಾನೂನನ್ನು ಹೊಡೆದುಹಾಕಿತು. ಬಾಲಕಾರ್ಮಿಕರನ್ನು ಕಾಪಾಡಲು ಮಾಡಿದ ಎರಡು ಕಾನೂನುಗಳೂ 1918ರಲ್ಲಿ ಮತ್ತು 1922ರಲ್ಲಿ ಬಿದ್ದುಹೋಗಿದ್ದವು. ಅದಕ್ಕಾಗಿ 1924ರಲ್ಲಿ ಸಂವಿಧಾನ ತಿದ್ದುಪಡಿಯ ಪ್ರಯತ್ನ ನಡೆದಾಗ ಫಾದರ್ ರಯನ್ ಅದರ ಪರ ನಿಂತರು. ಸರ್ಕಾರ ತಂದೆತಾಯಿಯರ ಅಧಿಕಾರದಲ್ಲಿ ಕೈಹಾಕುತ್ತದೆ ಎಂಬ ಭಯದಿಂದ ಬಾಸ್ಟನ್‌ನ ಕಾರ್ಡಿನಲ್ ಓಕಾನೆಲ್ ಅದನ್ನು ಬಲವಾಗಿ ವಿರೋಧಿಸಿದರು. ಇಬ್ಬರೂ ಒಂದೇ ವಿಶ್ವಾಸದವರು. ಕುಟುಂಬದ ಮೇಲಿನ ಕಾಳಜಿಯೂ ಇಬ್ಬರಿಗೂ ಇತ್ತು. ತಿದ್ದುಪಡಿ ಜಾರಿಗೆ ಬರಲೇ ಇಲ್ಲ. ಕುಟುಂಬ ಮಾಡಬಲ್ಲುದನ್ನು, ಸಂಘಗಳು ಮಾಡಬಲ್ಲುದನ್ನು ಸರ್ಕಾರ ಕಸಿದುಕೊಳ್ಳಬಾರದು ಎಂದು ಫಾದರ್ ರಯನ್ ಅವರೂ ಒಪ್ಪುತ್ತಿದ್ದರು. ಆದರೆ ಬೇರಾರಿಂದಲೂ ಆಗದ್ದನ್ನು ಸರ್ಕಾರವೂ ಮಾಡದೆ ಬಿಟ್ಟರೆ ಮಗುವನ್ನು ಕಾಯುವವರು ಯಾರು ಎಂಬುದು ಅವರ ನಿಲುವಾಗಿತ್ತು.

ಕಾನೂನಾದ ಕನಸು

1929ರಲ್ಲಿ ಶೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ಅಮೆರಿಕದ ದುಡಿಯುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಕೆಲಸವಿಲ್ಲದವರೆಲ್ಲ ಸೋಮಾರಿಗಳು ಎನ್ನುವ ಮಾತಿಗೆ ಅರ್ಥವೇ ಉಳಿಯಲಿಲ್ಲ. ಸಂಪತ್ತು ಕೆಲವರಲ್ಲೇ ಸೇರಿದರೆ ಅವರು ಅದನ್ನು ಉಂಡು ಮುಗಿಸಲಾರರು. ಇನ್ನಷ್ಟು ಕಾರ್ಖಾನೆಗಳಲ್ಲಿ ತೊಡಗಿಸುತ್ತಾರೆ. ಅಲ್ಲಿ ತಯಾರಾದ ಸಾಮಾನನ್ನು ಕೊಳ್ಳಲು ಕೂಲಿಯವನ ಕೈಯಲ್ಲಿ ಕಾಸಿರುವುದಿಲ್ಲ. ಆಗ ಯಂತ್ರ ನಿಲ್ಲುತ್ತದೆ, ಕೆಲಸ ಹೋಗುತ್ತದೆ. ಫಾದರ್ ರಯನ್ ಇದನ್ನು ಬಹಳ ವರ್ಷಗಳಿಂದ ಎಚ್ಚರಿಸುತ್ತ ಬಂದಿದ್ದರು.

ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರ್ಕಾರ ಮುಪ್ಪು ಮತ್ತು ನಿರುದ್ಯೋಗದ ವಿಮೆಯ ಯೋಜನೆ ಸಿದ್ಧಪಡಿಸುವಾಗ ಸಲಹಾ ಮಂಡಳಿಯಲ್ಲಿ ಅವರೂ ಇದ್ದರು. 1935ರ ಆಗಸ್ಟ್ 14ರಂದು ಸಾಮಾಜಿಕ ಭದ್ರತೆಯ ಕಾನೂನು ಜಾರಿಯಾಯಿತು. ಆದರೆ ಮರುವರ್ಷ ಇನ್ನೊಬ್ಬ ಕಥೋಲಿಕ ಗುರು, ರೇಡಿಯೋ ಭಾಷಣಗಳಿಂದ ಲಕ್ಷಾಂತರ ಜನರನ್ನು ಸೆಳೆದಿದ್ದ ಫಾದರ್ ಕಾಫ್ಲಿನ್, ರೂಸ್‌ವೆಲ್ಟ್ ಕಮ್ಯುನಿಸ್ಟರ ಕೈಗೊಂಬೆ ಎಂದು ಪ್ರಚಾರ ಮಾಡಿದರು. 1936ರ ಅಕ್ಟೋಬರ್ 8ರಂದು ಫಾದರ್ ರಯನ್ ರೇಡಿಯೋದಲ್ಲೇ ಅದನ್ನು ಅಲ್ಲಗಳೆದರು. ಕಾಫ್ಲಿನ್ ಅವರಿಗೆ ಸರ್ಕಾರದ ಸ್ವಾಮಿ ಎಂಬ ಅರ್ಥದ ಅಡ್ಡಹೆಸರು ಕಟ್ಟಿದರು. ಕಥೋಲಿಕರಿಂದಲೇ ಬೈಗುಳದ ಕಾಗದಗಳ ಸುರಿಮಳೆಯಾಯಿತು. 1937ರ ಜನವರಿಯಲ್ಲಿ ಅಧ್ಯಕ್ಷರ ಪದಗ್ರಹಣದಲ್ಲಿ ಆಶೀರ್ವಾದದ ಪ್ರಾರ್ಥನೆ ಹೇಳುವಂತೆ ಅವರಿಗೆ ಕರೆ ಬಂತು. ಆ ಸಮಾರಂಭದಲ್ಲಿ ಪ್ರಾರ್ಥಿಸಿದ ಮೊದಲ ಕಥೋಲಿಕ ಗುರು ಅವರೇ.

ಅದೇ ವರ್ಷ ಸುಪ್ರೀಂ ಕೋರ್ಟು ತನ್ನ 1923ರ ತೀರ್ಪನ್ನು ತಾನೇ ಬದಲಿಸಿತು. 1938ರಲ್ಲಿ ಇಡೀ ದೇಶಕ್ಕೆ ಗಂಟೆಗೆ 25 ಸೆಂಟ್ ಕನಿಷ್ಠ ಕೂಲಿ ಗೊತ್ತಾಯಿತು. ಎಳೆಯ ಮಕ್ಕಳ ದುಡಿಮೆಗೆ ಕಡಿವಾಣ ಬಿತ್ತು. ಪುಸ್ತಕ ಬರೆದು 32 ವರ್ಷಗಳಾಗಿದ್ದವು.

ಎಲ್ಲವೂ ಸರಿಹೋಯಿತು ಎಂದಲ್ಲ. ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಆ ಕಾನೂನುಗಳು ಹೊರಗಿಟ್ಟವು. ಅವರಲ್ಲಿ ಕಪ್ಪು ಜನರೇ ಬಹಳ ಇದ್ದರು. ಫಾದರ್ ರಯನ್ ಅವರ ಲೆಕ್ಕವೂ ಸಂಸಾರ ಹೊರುವ ಗಂಡಸಿನ ಸುತ್ತಲೇ ಕಟ್ಟಿದ್ದು. ಮನೆಯ ಹೊರಗೆ ದುಡಿದು ಮಕ್ಕಳನ್ನು ಸಾಕುವ ತಾಯಿಗೆ ಅದರಲ್ಲಿ ಸಾಕಷ್ಟು ಜಾಗವಿರಲಿಲ್ಲ. ಒಬ್ಬರೇ ಎಲ್ಲವನ್ನೂ ಕಾಣಲಾರರು. 1945ರ ಸೆಪ್ಟೆಂಬರ್ 16ರಂದು, 76ನೇ ವಯಸ್ಸಿನಲ್ಲಿ, ಗುರುದೀಕ್ಷೆ ಪಡೆದ ಸೇಂಟ್ ಪಾಲ್ ನಗರದಲ್ಲೇ ಅವರು ದೈವಾಧೀನರಾದರು.

ನಮ್ಮ ಮನೆಗೆ ಏನು ಪಾಠ?

ಓದುಗರೇ, 2025ರಲ್ಲಿ ಆಯ್ಕೆಯಾದ ಪೋಪ್ ಆ ಹೆಸರನ್ನೇ ಆರಿಸಿಕೊಂಡು ಹದಿನಾಲ್ಕನೇ ಲಿಯೋ ಆಗಲು 'ರೇರುಂ ನೊವಾರುಂ' ಬರೆದ ಹದಿಮೂರನೇ ಲಿಯೋ ಅವರೇ ಮುಖ್ಯ ಕಾರಣ. ಅವರು ಹುಟ್ಟಿದ್ದೂ ಫಾದರ್ ರಯನ್ ಅವರ ದೇಶದಲ್ಲೇ. ಆ ಹಳೆಯ ಪತ್ರ ಇನ್ನೂ ಕಪಾಟು ಸೇರಿಲ್ಲ.

ಹಾಗಾದರೆ ನಾವೇನು ಮಾಡೋಣ? ಮೊದಲು ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳ, ನಮ್ಮ ತೋಟದಲ್ಲಿ ಅಗೆಯುವವನ ಕೂಲಿಯನ್ನು ಲೆಕ್ಕ ಹಾಕೋಣ. ಅದು ಅವರ ಸಂಸಾರಕ್ಕೆ ಸಾಲುತ್ತದೆಯೇ, ಊರಿನಲ್ಲಿ ಎಲ್ಲರೂ ಕೊಡುವುದು ಇಷ್ಟೇ ಎಂದು ನಾವೂ ಕೈತೊಳೆದುಕೊಂಡಿದ್ದೇವೆಯೇ? ತೆರಿಗೆ ತಪ್ಪಿಸಿದವರನ್ನು ಜಾಣರೆಂದು ಮಕ್ಕಳೆದುರಿಗೆ ಹೊಗಳುವುದನ್ನು ಬಿಡೋಣ. ಆ ಹಣದಲ್ಲಿ ಯಾವುದೋ ವಿಧವೆಯ ಪಿಂಚಣಿಯೂ ಇರುತ್ತದೆ. ಸರ್ಕಾರದ ನೆರವು ಪಡೆಯುವ ನೆರೆಮನೆಯವರನ್ನು ಸೋಮಾರಿಗಳೆಂದು ಹಂಗಿಸುವ ಮೊದಲು ಅವರ ಅಡಿಗೆಮನೆಗೆ ಒಮ್ಮೆ ಹೋಗಿ ಬರೋಣ.

ಕಾಣಿಕೆ ಡಬ್ಬಿಗೆ ಖಂಡಿತ ಹಾಕಿ. ಆದರೆ ಕೊಡಬೇಕಾದ ಕೂಲಿ ಕೊಟ್ಟು, ತೆರಬೇಕಾದ ತೆರಿಗೆ ತೆತ್ತ ಮೇಲೆ ಹಾಕಿ. ಆಗ ಅದು ದೇವರು ಮೆಚ್ಚುವ ದಾನವಾಗುತ್ತದೆ.