ಹೆಸರುಗಳ ಲೆಕ್ಕ ಬರೆದ ಗಡ್ಡದ ಮನುಷ್ಯ

ಕಳೆದ ವರ್ಷ ನಾನು 850 ರೂಪಾಯಿ ಕಳೆದುಕೊಂಡೆ. ಇಷ್ಟೇನಾ ಅಂತ ನಗಬೇಡಿ. ಬ್ಯಾಡಗಿಯಲ್ಲಿ ದಿನವಿಡೀ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ನಮ್ಮವ್ವನ ಕೈಉರಿಯ ದುಡ್ಡು ಅದು.

ರಾಣೆಬೆನ್ನೂರಿನಲ್ಲಿ ಬಿಸಿಎ ಮುಗಿಸಿ, ಈಗ ದಿನಾ ಹಾವೇರಿಗೆ ಬಸ್ಸಿನಲ್ಲಿ ಹೋಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಸಂಜೆ ವಾಟ್ಸ್ಆ್ಯಪ್ ಗ್ರೂಪಿಗೆ ನೇಮಕಾತಿಯ ಲಿಂಕ್ ಬಂತು. ತೆರೆದರೆ ಥೇಟ್ ಸರ್ಕಾರಿ ವೆಬ್‌ಸೈಟ್. ಮೇಲೆ ಲಾಂಛನ, ಕೆಳಗೆ ಕನ್ನಡದಲ್ಲಿ ಅಧಿಸೂಚನೆ, ಪಕ್ಕದಲ್ಲಿ ಕೊನೆಯ ದಿನಾಂಕ ಕೆಂಪಗೆ ಮಿನುಗುತ್ತಿತ್ತು. ಬಸ್ಸು ಹೊರಡುವ ಮೊದಲೇ ಶುಲ್ಕ ಕಟ್ಟಿದೆ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಅನುಮಾನ ಬಂತು. ವಿಳಾಸದಲ್ಲಿ ಒಂದು ಅಕ್ಷರ ಹೆಚ್ಚಿತ್ತು, ಕೊನೆಯಲ್ಲಿ ಇರಬೇಕಾದ ಜಿಓವಿ ಡಾಟ್ ಇನ್ ಇರಲಿಲ್ಲ. ಬಿಸಿಎ ಓದಿದವಳು ಅಂತ ಹೇಳಿಕೊಳ್ಳೋಕೆ ನಾಚಿಕೆಯಾಯಿತು.

1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ದುಡ್ಡು ವಾಪಸ್ ಬರಲಿಲ್ಲ. ಆದರೆ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ನಮ್ಮಪ್ಪ ಎರಡು ಗುಂಟೆ ಜಾಗ ನೋಂದಣಿ ಮಾಡಿಸಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಎಷ್ಟು ಸಲ ಅಲೆದಿದ್ದರು, ಎಷ್ಟು ಕಡೆ ಹೆಬ್ಬೆಟ್ಟು ಒತ್ತಿದ್ದರು! ಈ ಕಳ್ಳನಿಗೆ ಈ ಹೆಸರನ್ನು ಕೊಟ್ಟವರು ಯಾರು? ಅವರು ಏನೂ ಕೇಳಲಿಲ್ಲವೇ? ಹುಡುಕುತ್ತಾ ಹಿಂದೆ ಹಿಂದೆ ಹೋದಂತೆ ಸಿಕ್ಕವರು ಜಾನ್ ಪೋಸ್ಟೆಲ್. ಉದ್ದ ಗಡ್ಡ, ಕಾಲಲ್ಲಿ ಚಪ್ಪಲಿ. ಫೋಟೋ ನೋಡಿದರೆ ಯಾವುದೋ ಮಠದ ಸ್ವಾಮಿಗಳು ಅನ್ನಬೇಕು.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಮುಂದೆ ಇಂಟರ್ನೆಟ್ ಕಟ್ಟಿದವರೆಂದು ಹೆಸರಾದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಓದಿದ ವ್ಯಾನ್ ನೈಸ್ ಹೈಸ್ಕೂಲಿನಲ್ಲೇ ಇವರೂ ಓದಿದ್ದು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಪದವಿ, 1968ರಲ್ಲಿ ಸ್ನಾತಕೋತ್ತರ ಪದವಿ, 1974ರಲ್ಲಿ ಪಿಎಚ್‌ಡಿ. 1969ರಲ್ಲಿ ಇಂಟರ್ನೆಟ್‌ನ ಅಜ್ಜ ಎನ್ನಬಹುದಾದ ಆರ್ಪಾನೆಟ್‌ನ ಮೊದಲ ಕೊಂಡಿ ಅದೇ ವಿಶ್ವವಿದ್ಯಾಲಯದಲ್ಲಿ ಜೋಡಣೆಯಾದಾಗ ಅವರು ಅಲ್ಲಿನ ಸಂಶೋಧನಾ ವಿದ್ಯಾರ್ಥಿ.

ಅಲ್ಲಿ ಅವರು ಹಿಡಿದದ್ದು ಯಾರಿಗೂ ಬೇಡವಾದ ಕೆಲಸ. ಯಾವ ಸೇವೆಗೆ ಯಾವ ಸಂಖ್ಯೆ ಕೊಟ್ಟಿದ್ದೇವೆ ಅಂತ ಬರೆದಿಡುವುದು. ಒಂದೇ ಸಂಖ್ಯೆಯನ್ನು ಇಬ್ಬರು ಬಳಸಿದರೆ ಎಲ್ಲವೂ ಗೊಂದಲ. 1972ರ ಮೇ ತಿಂಗಳಲ್ಲಿ, ಇದನ್ನು ನೋಡಿಕೊಳ್ಳಲು ಒಬ್ಬರು ಬೇಕು, ಬಹುಶಃ ನಾನೇ ಆಗಬಹುದು ಎಂಬ ಅರ್ಥದ ಪುಟ್ಟ ಟಿಪ್ಪಣಿ ಬರೆದರು. ಯಾರೂ ಬೇಡವೆನ್ನಲಿಲ್ಲ. ನಮ್ಮ ಕಾಕಾ ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಅವರ ಲೆಕ್ಕದ ಪುಸ್ತಕದಲ್ಲಿ ಬರೆದ ಚೀಲದ ಸಂಖ್ಯೆಯನ್ನು ರೈತರೂ ಪ್ರಶ್ನಿಸುವುದಿಲ್ಲ, ಖರೀದಿದಾರರೂ ಪ್ರಶ್ನಿಸುವುದಿಲ್ಲ. ಪೋಸ್ಟೆಲ್ ಇಡೀ ನೆಟ್‌ವರ್ಕಿಗೆ ಅಂಥ ಗುಮಾಸ್ತರಾದರು. ಇಂಟರ್ನೆಟ್‌ನ ನಿಯಮಗಳನ್ನೆಲ್ಲ ಪ್ರಕಟಿಸುವ ಆರ್‌ಎಫ್‌ಸಿ ಎಂಬ ಟಿಪ್ಪಣಿ ಮಾಲಿಕೆಯ ಸಂಪಾದಕರಾಗಿ ಸಾಯುವವರೆಗೂ ದುಡಿದರು. ಇಮೇಲ್ ಕಳಿಸುವ ನಿಯಮಗಳನ್ನು 1982ರಲ್ಲಿ ಬರೆದದ್ದೂ ಅವರೇ.

ಆರಂಭದಲ್ಲಿ ಕಂಪ್ಯೂಟರ್‌ಗಳ ಹೆಸರುಗಳೆಲ್ಲ ಒಂದೇ ಕಡತದಲ್ಲಿದ್ದವು. ಯಂತ್ರಗಳು ಹೆಚ್ಚಾದಂತೆ ಆ ಕಡತ ಸಾಲದಾಯಿತು. ಪೋಸ್ಟೆಲ್ 1977ರಿಂದ ಇದ್ದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಸ್ಥೆಯಲ್ಲೇ ಕೆಲಸ ಮಾಡುತ್ತಿದ್ದ ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಡೊಮೈನ್ ವ್ಯವಸ್ಥೆಯನ್ನು ರೂಪಿಸಿದರು. ಮರುವರ್ಷ ಪೋಸ್ಟೆಲ್ ಮತ್ತು ಅವರ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್ ಸೇರಿ ಅದರ ಕೊನೆಯ ಭಾಗಗಳನ್ನು, ಅಂದರೆ ಡಾಟ್ ಕಾಮ್, ಡಾಟ್ ಓಆರ್‌ಜಿ ಮುಂತಾದವನ್ನು ಗೊತ್ತುಮಾಡಿದರು. ಈ ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು. ಅಂಚೆ ಕಚೇರಿಯಲ್ಲಿ ಮೊದಲು ಪಿನ್‌ಕೋಡ್, ಆಮೇಲೆ ಊರು, ಕೊನೆಗೆ ಮನೆ ನೋಡುವ ಹಾಗೆ. ಇದು ಗೊತ್ತಿದ್ದಿದ್ದರೆ ನನ್ನ 850 ರೂಪಾಯಿ ಉಳಿಯುತ್ತಿತ್ತು.

ದೇಶಗಳಿಗೆ ಎರಡಕ್ಷರದ ಕೊನೆ ಕೊಡುವಾಗ ಪೋಸ್ಟೆಲ್ ತೋರಿದ ಜಾಣತನ ನನಗೆ ಬಹಳ ಇಷ್ಟ. ಯಾವುದು ದೇಶ, ಯಾವುದಲ್ಲ ಎಂಬ ಜಗಳವನ್ನು ತಲೆಗೆ ಹಚ್ಚಿಕೊಳ್ಳಲೇ ಇಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿ ಆಗಲೇ ಇತ್ತು, ಅದನ್ನೇ ತೆಗೆದುಕೊಂಡರು. ನಮ್ಮ ಡಾಟ್ ಇನ್ ಆ ಲೆಕ್ಕಕ್ಕೆ ಸೇರಿದ್ದು 1989ರ ಮೇ 8ರಂದು. ಮೊದಲು ಮುಂಬೈನ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಅದನ್ನು ನೋಡಿಕೊಂಡಿತು, 2005ರಿಂದ ನಿಕ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ.

1994ರ ಮಾರ್ಚ್‌ನಲ್ಲಿ ಪೋಸ್ಟೆಲ್ ಬರೆದ ಇನ್ನೊಂದು ಟಿಪ್ಪಣಿಯನ್ನು ಡಿಕ್ಷನರಿ ಇಟ್ಟುಕೊಂಡು ಎರಡು ಸಲ ಓದಿದೆ. ಒಂದು ದೇಶದ ಹೆಸರಿನ ಪಟ್ಟಿ ಇಟ್ಟುಕೊಂಡವರು, ಅಂದರೆ ರಿಜಿಸ್ಟ್ರಿ, ಅದರ ಮಾಲೀಕರಲ್ಲ. ಆ ದೇಶದ ಮತ್ತು ಇಡೀ ಜಗತ್ತಿನ ಜನರ ಪರವಾಗಿ ಅದನ್ನು ಕಾಯುವವರು ಎಂಬುದು ಅದರ ಸಾರ. ಆದರೆ ಒಂದು ಹೆಸರಿಗಾಗಿ ಇಬ್ಬರು ಜಗಳವಾಡಿದರೆ, ಇಬ್ಬರಿಗೂ ಪರಸ್ಪರರ ವಿಳಾಸ ಕೊಟ್ಟು ದೂರ ನಿಲ್ಲಬೇಕು ಎಂದೂ ಅದರಲ್ಲಿದೆ. ಇಲ್ಲೇ ನನಗೆ ತಕರಾರು. ಎಲ್ಲರೂ ಎಲ್ಲರಿಗೂ ಗೊತ್ತಿದ್ದ ಕಾಲದ ನಿಯಮವಿದು. ಸಂತೆಗೆ ಬಂದವರೆಲ್ಲ ಒಂದೇ ಓಣಿಯವರಾಗಿದ್ದಾಗ ಹೊಂದುತ್ತದೆ.

ಹಾಗಂತ ಅವರಿಗೆ ಕೆಟ್ಟವರ ಅರಿವಿರಲಿಲ್ಲ ಅಂತಲ್ಲ. 1975ರ ನವೆಂಬರ್‌ನಲ್ಲೇ, ಬೇಡದ ಪತ್ರಗಳ ಹಾವಳಿಯ ಬಗ್ಗೆ ಬರೆದಿದ್ದರು. ಯಾವುದೋ ಯಂತ್ರ ಸುಮ್ಮನೆ ಪತ್ರ ಕಳಿಸುತ್ತಲೇ ಇದ್ದರೆ ತಡೆಯಲು ದಾರಿಯೇ ಇಲ್ಲವಲ್ಲ ಎಂಬ ಚಿಂತೆ ಅದು. ನಾವು ದಿನಾ ಅಳಿಸುವ ಸ್ಪ್ಯಾಮ್‌ನ ಬಗ್ಗೆ ಅಷ್ಟು ಹಿಂದೆಯೇ! ಅವರು ಯೋಚಿಸಿದ ಪರಿಹಾರ, ಪತ್ರ ಪಡೆಯುವವರು ತಮ್ಮ ಬಾಗಿಲಲ್ಲೇ ಬೇಡ ಅನ್ನುವಂತಾಗಬೇಕು ಎಂಬುದು. ಹೆಸರು ಕೊಡುವ ಕಡೆಯೇ ಕಾವಲು ಬೇಕು ಎಂಬ ಮಾತು ಆಗ ಯಾರಿಗೂ ಬೇಕಿರಲಿಲ್ಲ. 1995ರವರೆಗೆ ಡಾಟ್ ಕಾಮ್ ಹೆಸರಿಗೆ ದುಡ್ಡೇ ಇರಲಿಲ್ಲ. ಆ ವರ್ಷ ವರ್ಷಕ್ಕೆ 50 ಡಾಲರ್ ಶುಲ್ಕ ಶುರುವಾಯಿತು. ದುಡ್ಡು ಬಂದ ಕಡೆ ಜಗಳವೂ ಬಂತು.

ಆ ಜಗಳದ ನಡುವೆ 1998ರ ಜನವರಿ 28ರಂದು ಪೋಸ್ಟೆಲ್ ಒಂದು ಇಮೇಲ್ ಕಳಿಸಿದರು. ಇಂಟರ್ನೆಟ್‌ನ ಹೆಸರುಗಳ ಬೇರಿನಲ್ಲಿರುವ ಸರ್ವರ್‌ಗಳಲ್ಲಿ ಎಂಟನ್ನು ನೋಡಿಕೊಳ್ಳುವವರು, ಅವರ ಮಾತು ಕೇಳಿ, ಮೂಲ ಪಟ್ಟಿಯನ್ನು ಕಂಪನಿಯ ಬದಲು ಪೋಸ್ಟೆಲ್ ಅವರ ಯಂತ್ರದಿಂದ ಪಡೆಯತೊಡಗಿದರು. ಅಮೆರಿಕ ಸರ್ಕಾರ ಬೆಚ್ಚಿತು. ಅಧ್ಯಕ್ಷರ ಸಲಹೆಗಾರರಿಂದ ಕರೆ ಬಂತು. ಇದು ಬರೀ ಪರೀಕ್ಷೆ ಎಂದು ಹೇಳಿ ಪೋಸ್ಟೆಲ್ ಎಲ್ಲವನ್ನೂ ಮೊದಲಿನಂತೆ ಮಾಡಿದರು. ಅದು ಪರೀಕ್ಷೆಯೋ ಪ್ರತಿಭಟನೆಯೋ ಎಂದು ಇಂದಿಗೂ ವಾದವಿದೆ. ಪ್ರತಿಭಟನೆಯೇ ಎಂದು ನನ್ನ ಅನಿಸಿಕೆ. ಒಬ್ಬ ವ್ಯಕ್ತಿಯ ಮೇಲಿನ ನಂಬಿಕೆಯಿಂದ ಇಷ್ಟು ದೊಡ್ಡ ವ್ಯವಸ್ಥೆ ನಡೆಯಬಾರದು ಎಂಬುದಂತೂ ಅಂದು ಎಲ್ಲರಿಗೂ ಕಂಡಿತು. ಅದೇ ಸೆಪ್ಟೆಂಬರ್ 30ರಂದು ಐಕ್ಯಾನ್ ಸಂಸ್ಥೆ ಹುಟ್ಟಿತು. ಅದಕ್ಕೆ ತಮ್ಮ ಕೆಲಸವನ್ನು ಒಪ್ಪಿಸುವ ತಯಾರಿಯಲ್ಲಿದ್ದ ಪೋಸ್ಟೆಲ್, ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ನಂತರದ ತೊಡಕಿನಿಂದ ಅಕ್ಟೋಬರ್ 16ರಂದು ತೀರಿಕೊಂಡರು. ವಯಸ್ಸು 55.

ಅವರ ನಂತರ ಕಾವಲು ಒಂದೊಂದೇ ಬಂತು. 2004ರಲ್ಲಿ ಸುಪ್ರೀಂ ಕೋರ್ಟ್, ಬೆಂಗಳೂರಿನ ನ್ಯಾಯಾಲಯದಲ್ಲಿ ಶುರುವಾಗಿದ್ದ ಸತ್ಯಂ ಇನ್ಫೋವೇ ಪ್ರಕರಣದಲ್ಲಿ, ಒಬ್ಬರ ಡೊಮೈನ್ ಹೆಸರಿನಂತೆಯೇ ಕೇಳಿಸುವ ಹೆಸರಿಟ್ಟು ಗಿರಾಕಿಗಳ ದಾರಿ ತಪ್ಪಿಸುವಂತಿಲ್ಲ ಎಂದಿತು. ಡಾಟ್ ಇನ್‌ಗೂ ಹೆಸರಿನ ವಿವಾದ ಬಗೆಹರಿಸುವ ನಿಯಮ ಬಂತು. 2009ರಲ್ಲಿ ಕಾನ್‌ಫಿಕರ್ ಎಂಬ ವರ್ಮ್, ತನ್ನ ಒಡೆಯನ ಆಜ್ಞೆ ಪಡೆಯಲು ದಿನಕ್ಕೆ 50,000 ಹೊಸ ಹೆಸರುಗಳನ್ನು ಹುಟ್ಟಿಸತೊಡಗಿದಾಗ, ಹಲವು ದೇಶಗಳ ರಿಜಿಸ್ಟ್ರಿಗಳು ಆ ಹೆಸರುಗಳನ್ನು ಮುಂಚಿತವಾಗಿಯೇ ತಡೆದವು. 2024ರ ಏಪ್ರಿಲ್ 5ರಿಂದ ಐಕ್ಯಾನ್ ಒಪ್ಪಂದದಡಿ ಇರುವ ರಿಜಿಸ್ಟ್ರಿಗಳು ಮತ್ತು ಹೆಸರು ಮಾರುವ ರಿಜಿಸ್ಟ್ರಾರ್‌ಗಳು, ಫಿಶಿಂಗ್‌ನಂಥ ಮೋಸಕ್ಕೆ ಸಾಕ್ಷಿ ಸಿಕ್ಕರೆ ಕ್ರಮ ಕೈಗೊಳ್ಳಲೇಬೇಕು. ರಿಸರ್ವ್ ಬ್ಯಾಂಕ್ ಹೇಳಿದಂತೆ ನಮ್ಮ ಬ್ಯಾಂಕುಗಳ ವಿಳಾಸ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್ ಆಗಬೇಕಿತ್ತು. ಬ್ಯಾಂಕಲ್ಲದವರಿಗೆ ಆ ಕೊನೆ ಸಿಗುವುದೇ ಇಲ್ಲ. ಇಂಥ ಬಾಗಿಲನ್ನು ನೇಮಕಾತಿಗೂ ಹಾಕಬಾರದೇಕೆ?

ನಮ್ಮ ಕಡೆಗಂತೂ ಈ ಹೆಸರಿನ ಕಾಟ ಜಾಸ್ತಿ. ಬ್ಯಾಡಗಿಯನ್ನು ಇಂಗ್ಲಿಷಿನಲ್ಲಿ ಮೂರು ರೀತಿ ಬರೆಯುತ್ತಾರೆ, ರಾಣೆಬೆನ್ನೂರನ್ನು ಎರಡು ರೀತಿ. ಅಷ್ಟು ಸಾಕು ಒಂದು ನಕಲಿ ಅಂಗಡಿಗೆ. ಮೆಣಸಿನಕಾಯಿಗಾದರೆ 2011ರಿಂದ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಡೊಮೈನ್‌ನಲ್ಲಿ ಕನ್ನಡ ಲಿಪಿಯ ಡಾಟ್ ಭಾರತ ಕೂಡ ಬಂದಿದೆ. ಮಾರುಕಟ್ಟೆಗೆ ಬರುವ ಆಂಧ್ರದ ಲಾರಿಗಳ ಮೇಲಿನ ತೆಲುಗು ಅಕ್ಷರಗಳನ್ನು ನಾವು ಅರ್ಧಂಬರ್ಧ ಓದುತ್ತೇವಲ್ಲ, ಹಾಗೆ ಎರಡೂ ಲಿಪಿಯಲ್ಲಿ ಒಂದೇ ಥರ ಕಾಣುವ ಅಕ್ಷರಗಳಿಂದ ಮೋಸವಾಗದಂತೆ ಅವುಗಳ ಪಟ್ಟಿಯನ್ನೂ ಮಾಡಿದ್ದಾರೆ.

ಇನ್ನು ನನ್ನ ಕಳ್ಳನ ಕಥೆ. ಹೂಈಸ್ ಎಂಬ ಹುಡುಕಾಟದಲ್ಲಿ ಆ ಹೆಸರನ್ನು ಹಾಕಿ ನೋಡಿದೆ. ನೋಂದಣಿಯಾಗಿ ಒಂಬತ್ತೇ ದಿನವಾಗಿತ್ತು. ಪಡೆದವನ ಹೆಸರು ಮುಚ್ಚಿತ್ತು. ಆದರೆ ಹೆಸರು ಮಾರಿದ ರಿಜಿಸ್ಟ್ರಾರ್‌ಗೆ ದೂರು ಕೊಡುವ ಇಮೇಲ್ ಅಲ್ಲೇ ಇತ್ತು. ಅಸಲಿ ಮತ್ತು ನಕಲಿ ಪುಟಗಳ ಸ್ಕ್ರೀನ್‌ಶಾಟ್, ಪೂರ್ತಿ ವಿಳಾಸ, ದುಡ್ಡು ಕಟ್ಟಿದ ರಸೀದಿ, 1930ರ ದೂರಿನ ಸಂಖ್ಯೆ ಎಲ್ಲ ಸೇರಿಸಿ, ನನಗೆ ಬರುವ ಇಂಗ್ಲಿಷಿನಲ್ಲಿ ಬರೆದೆ. ನಾಲ್ಕನೇ ದಿನ ಆ ಪುಟ ತೆರೆಯಲಿಲ್ಲ. ದಾಖಲೆಯಲ್ಲಿ ಹೋಲ್ಡ್ ಎಂದು ಕಂಡಿತು. ಪುಟ ಯಾವುದೋ ಸರ್ವರ್‌ನಲ್ಲಿ ಇನ್ನೂ ಇರಬಹುದು, ಆದರೆ ಆ ಹೆಸರು ಹಿಡಿದು ಅಲ್ಲಿಗೆ ಹೋಗುವ ದಾರಿ ಮುಚ್ಚಿತ್ತು. ಅವ್ವನಿಗೆ ಹೇಳಿದೆ. ದುಡ್ಡು ಬಂತೇನು ಅಂತ ಕೇಳಿದಳು.

ಮುಂದಿನ ವಾರ ಅದೇ ಗ್ರೂಪಿಗೆ ಅದೇ ಪುಟ ಮತ್ತೆ ಬಂತು. ಈ ಸಲ ಹೆಸರಿನ ನಡುವೆ ಒಂದು ಅಡ್ಡಗೆರೆ, ಕೊನೆಯೂ ಬೇರೆ. ತೆರೆಯಬೇಡಿ ಎಂದು ಗ್ರೂಪಿನಲ್ಲಿ ಹಾಕಿ, ಹಳೆಯ ಇಮೇಲನ್ನೇ ತಿದ್ದಿ ಹೊಸ ರಿಜಿಸ್ಟ್ರಾರ್‌ಗೆ ಕಳಿಸಿ ಬಸ್ಸು ಹತ್ತಿದೆ.