ಹೆಸರಿನಲ್ಲಿ ನಾಡನ್ನು ಹೊತ್ತ ಗಾಯಕಿ

ವಿಲೆ ಪಾರ್ಲೆಯಲ್ಲಿ ಉತ್ತರದ ಗಾಡಿ ಹತ್ತಿದರೆ ಅಂಧೇರಿ, ಜೋಗೇಶ್ವರಿ, ಗೋರೆಗಾಂವ್‌ಗಳನ್ನು ದಾಟಿ ಮಲಾಡ್ ಬರುತ್ತದೆ. ಒಂದು ಕಾಲಕ್ಕೆ ಅಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ಚಿತ್ರಶಾಲೆಯಿತ್ತು. ಆ ಸಂಸ್ಥೆಯ ‘ಕಿಸ್ಮತ್’ ಚಿತ್ರಕ್ಕಾಗಿ ಹಾಡಿ 1943ರಲ್ಲಿ ದೇಶದ ಮನಸ್ಸನ್ನು ಗೆದ್ದವರು ಕನ್ನಡತಿಯೊಬ್ಬರೆಂಬುದನ್ನು, ನಿತ್ಯವೂ ಹೋಟೆಲಿಗೂ ಕಚೇರಿಗೂ ಈ ದಾರಿಯಲ್ಲಿ ಓಡಾಡುವ ನಾವು ಮರೆಯಬಾರದು.

ಅಮೀರಬಾಯಿ ಹುಟ್ಟಿದ್ದು ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. ಮನೆಯಲ್ಲಿ ಸಂಗೀತ, ನಾಟಕಗಳ ವಾತಾವರಣ. ಸೋದರಿ ಗೋಹರಬಾಯಿ ಬಾಲಗಂಧರ್ವರ ರಂಗಭೂಮಿಯಲ್ಲಿ ಹೆಸರಾದರು. ನಮ್ಮಲ್ಲಿ ಅನೇಕರಂತೆಯೇ ಅಮೀರಬಾಯಿಯವರೂ ಎಳೆಯ ಪ್ರಾಯದಲ್ಲಿ ಮುಂಬಯಿ ಸೇರಿದರು. ಮೂವತ್ತರ ದಶಕದಲ್ಲಿ ಚಿತ್ರರಂಗವನ್ನು ಪ್ರವೇಶಿಸಿದರೂ ಕೀರ್ತಿಗಾಗಿ ವರ್ಷಗಳ ಕಾಲ ಕಾಯಬೇಕಾಯಿತು.

ಆ ಕೀರ್ತಿಯನ್ನು ತಂದುದು ‘ಕಿಸ್ಮತ್’. ಗೀತೆಗಳು ಕವಿ ಪ್ರದೀಪರವು, ರಾಗಸಂಯೋಜನೆ ಅನಿಲ್ ಬಿಸ್ವಾಸರದು. ಪ್ರದೀಪರು ಮುಂದೆ ನಮ್ಮ ವಿಲೆ ಪಾರ್ಲೆಯಲ್ಲೇ ನೆಲಸಿದವರು. ಪರಕೀಯರಿಗೆ ತೊಲಗಿರೆಂದು ಸಾರುವ ಗೀತೆಯೊಂದರಲ್ಲಿ ಅವರು ಜರ್ಮನಿ, ಜಪಾನುಗಳ ಹೆಸರನ್ನು ಸೇರಿಸಿದ್ದರಿಂದ ಅದು ಬ್ರಿಟಿಷರ ಪರಿಶೀಲನೆಯನ್ನು ದಾಟಿತು. ಅಮೀರಬಾಯಿ ಮತ್ತು ಖಾನ್ ಮಸ್ತಾನ ಅದನ್ನು ಹಾಡಿದಾಗ ಜನರಿಗೆ ನಿಜವಾದ ಅರ್ಥ ತಿಳಿಯದೆ ಇರಲಿಲ್ಲ. ಚಿತ್ರವು ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. 1944ರಲ್ಲಿ ನೌಶಾದರ ‘ರತನ್’ ಆ ಕೀರ್ತಿಯನ್ನು ಇಮ್ಮಡಿಸಿತು.

ಆಗ ಹಾಡುಗಳಿಗೆ ಕ್ರಮಾಂಕ ಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಸಿಲೋನ್ ರೇಡಿಯೋದ ಬಿನಾಕಾ ಗೀತಮಾಲಾ ಆರಂಭವಾದುದು 1952ರಲ್ಲಿ. ಜಪಾನಿನಲ್ಲಿ ಓರಿಕಾನ್ ಪಟ್ಟಿ ರೆಕಾರ್ಡುಗಳ ಮಾರಾಟವನ್ನು ವಾರವಾರವೂ ಎಣಿಸತೊಡಗಿದ್ದು 1968ರಲ್ಲಿ. ಅಮೀರಬಾಯಿಯವರ ಜಯವನ್ನು ಯಾವ ಪಟ್ಟಿಯೂ ದಾಖಲಿಸಲಿಲ್ಲ. ಜನರ ನಾಲಗೆಯೇ ಅದರ ಲೆಕ್ಕಪುಸ್ತಕವಾಯಿತು.

ಚಿತ್ರನಟನೊಡನೆ ಆದ ವಿವಾಹ ಅವರಿಗೆ ಸುಖ ಕೊಡಲಿಲ್ಲ. 1948ರ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶಿಸಿದರು. ಮರುವರ್ಷವೇ ‘ಮಹಲ್’ ಮೂಲಕ ಲತಾ ಮಂಗೇಶ್ಕರರ ಯುಗ ತೊಡಗಿತು. ಹಾಡುವ ಅವಕಾಶಗಳು ಕ್ಷೀಣಿಸಿ ಅಮೀರಬಾಯಿ ಪೋಷಕ ಪಾತ್ರಗಳತ್ತ ಹೊರಳಿದರು. ಮೊದಲ ಸ್ಥಾನವು ಯಾರಿಗೂ ಶಾಶ್ವತವಲ್ಲ.

ಪಾರ್ಶ್ವವಾಯುವಿನಿಂದ 1965ರ ಮಾರ್ಚ್ 3ರಂದು ತೀರಿಕೊಂಡರು. ದೇಹವನ್ನು ಮಣ್ಣುಮಾಡಿದ್ದು ವಿಜಾಪುರದಲ್ಲಿ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ. ಅದಕ್ಕೂ ಮೂವತ್ತು ವರ್ಷ ಮೊದಲೇ ಈ ಹೆಣ್ಣುಮಗಳು ಆ ಹೆಸರನ್ನು ತನ್ನ ಹೆಸರಿಗೆ ಜೋಡಿಸಿಕೊಂಡು ಅಮೀರಬಾಯಿ ಕರ್ನಾಟಕಿಯಾಗಿ ಭಾರತದಲ್ಲೆಲ್ಲ ಕೇಳಿಸಿದ್ದರು. ಪರಊರಿನಲ್ಲಿ ದುಡಿದು, ಪರಭಾಷೆಯಲ್ಲಿ ಹಾಡಿದರೂ ತವರಿನ ಹೆಸರನ್ನು ಬಿಟ್ಟುಕೊಡಲಿಲ್ಲ. ಮುಂಬಯಿಯ ಕನ್ನಡಿಗರಾದ ನಮಗೆ ಆ ಸ್ಮರಣೆಯೊಂದೇ ಸಾಕು, ತಲೆಯೆತ್ತಿ ನಡೆಯಲು.